ಹೊಳೆಗಿಳಿದವನ ಜಮಾ–ಖರ್ಚು

ಹೊಸಪೇಟೆ: ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಹಂಪಿ ನೋಡಲು ಬಂದ ಹುಡುಗ ಸ್ನಾನಕ್ಕೆ ಇಳಿದಾಗ ಕಾಲು ಜಾರಿ ನೀರುಪಾಲಾದ. ಪೊಲೀಸರು ಸ್ಥಳಕ್ಕೆ ಧಾವಿಸಿದರು. ಪ್ರಕರಣ ದಾಖಲಾಗಿದೆ. ಕಡೆಗೆ ಒಂದು ಸಾಲು: ಸ್ಥಳೀಯ ಈಜುಗಾರರ ನೆರವಿನಿಂದ ಶವವನ್ನು ಹೊರತೆಗೆಯಲಾಯಿತು.

ಬಸ್ಸಿನಲ್ಲಿ ಕೂತು ಓದಿದವರು ‘ಅಯ್ಯೋ ಪಾಪ’ ಎಂದು ಪುಟ ತಿರುವುತ್ತಾರೆ. ಸತ್ತವನ ಹೆಸರಿದೆ, ಊರಿದೆ, ವಯಸ್ಸಿದೆ. ಸ್ಥಳಕ್ಕೆ ಬಂದ ಅಧಿಕಾರಿಗಳ ಹೆಸರೂ ಇದೆ. ತಳಕ್ಕೆ ಮುಳುಗಿ ಹೆಣವನ್ನು ಎದೆಗವಚಿ ಮೇಲೆ ತಂದವನ ಹೆಸರು ಮಾತ್ರ ಇಲ್ಲ. ಅವನು ಬರೀ ‘ಸ್ಥಳೀಯ ಈಜುಗಾರ’. ಅಷ್ಟೇ!

ಯಾರಿವರು? ಇವರಿಗೆ ಕೂಲಿ ಕೊಡುವವರು ಯಾರು? ನೀರಿನಲ್ಲಿ ಇವರಿಗೇ ಹೆಚ್ಚುಕಡಿಮೆ ಆದರೆ ಮನೆಮಂದಿಗೆ ಗತಿ ಏನು? ಅಂಗಡಿ ಇಟ್ಟವರಿಗೆ ಜಮಾ–ಖರ್ಚಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹೊಳೆಗಿಳಿದವನ ಖಾತೆಯನ್ನೂ ಒಮ್ಮೆ ತೆರೆದು ನೋಡೋಣ.

ಹರಿಗೋಲಿನ ಮಂದಿ

ಹಂಪಿಯ ಚಕ್ರತೀರ್ಥ, ತಳವಾರಘಟ್ಟ, ಆಚೆ ದಂಡೆಯ ಆನೆಗೊಂದಿ, ಸಣಾಪುರ, ಕೆಳಗೆ ಕಂಪ್ಲಿ ಕೋಟೆ. ಎಲ್ಲಿ ಹೋದರೂ ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲು ಕಾಣುತ್ತದೆ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯಲ್ಲಿ ಬುಟ್ಟಿಯಂಥ ದುಂಡು ದೋಣಿ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ.

ಐನೂರು ವರ್ಷ ಕಳೆಯಿತು. ಸಾಮ್ರಾಜ್ಯ ಹೋಯಿತು, ಹರಿಗೋಲು ಉಳಿಯಿತು. ಹಂಪಿ–ಆನೆಗೊಂದಿ ನಡುವೆ ಸೇತುವೆ ಬಂತು ಎನ್ನುವಷ್ಟರಲ್ಲಿ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಅದು ಕುಸಿದು ಕಾರ್ಮಿಕರು ಸತ್ತರು.

ಹರಿಗೋಲು ಹಾಕುವವರು, ಬಲೆ ಬೀಸುವವರು, ಇವರೇ ಪೇಪರಿನ ‘ಸ್ಥಳೀಯ ಈಜುಗಾರರು’. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಕಸುಬಿನವರು. ಇವರಿಗೆ ಸಮವಸ್ತ್ರ ಇಲ್ಲ, ಬಿಲ್ಲೆ ಇಲ್ಲ, ಹಾಜರಿ ಪುಸ್ತಕ ಇಲ್ಲ. ಮೀನು ಸಿಕ್ಕರೆ ಊಟ, ಪ್ರವಾಸಿಗರು ಹತ್ತಿದರೆ ನಾಲ್ಕು ಕಾಸು. ಆದರೆ ದಂಡೆಯಲ್ಲಿ ಕೂಗು ಎದ್ದರೆ ಮೊದಲು ಓಡುವ ಕಾಲು ಇವರದೇ.

ನಾಲ್ಕು ನಿಮಿಷದ ಲೆಕ್ಕ

ನೀರಿನಲ್ಲಿ ಮುಳುಗಿ ಉಸಿರು ನಿಂತವನ ಮಿದುಳು ನಾಲ್ಕಾರು ನಿಮಿಷದಲ್ಲಿ ಕೆಡಲು ಶುರುವಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಹನ್ನೆರಡು ಹದಿಮೂರು ಕಿಲೋಮೀಟರು. ಅಗ್ನಿಶಾಮಕ ದಳದ ವಾಹನ ಎಷ್ಟೇ ಬಿರುಸಾಗಿ ಬರಲಿ, ಕಾಲುಗಂಟೆ ಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಕಟ್ಟಿದ್ದು 2006ರಲ್ಲಿ. ಅದರ ತುಕಡಿ ಬೆಂಗಳೂರಿನಿಂದ ಬರಬೇಕೆಂದರೆ ಮುನ್ನೂರು ಕಿಲೋಮೀಟರಿನ ಮೇಲೆ ದಾರಿ. ಅವರನ್ನು ದೂರಿ ಫಲವಿಲ್ಲ, ದಾರಿಯೇ ಅಷ್ಟು.

ಹಾಗಾಗಿ ಲೆಕ್ಕ ಸರಳ. ಜೀವಂತ ಉಳಿಸಬೇಕೆಂದರೆ ದಂಡೆಯಲ್ಲೇ ಇದ್ದವನೇ ಆಗಬೇಕು. ದೂರದಿಂದ ಬಂದವರಿಗೆ ಬಹುಪಾಲು ಉಳಿಯುವುದು ಹುಡುಕುವ ಕೆಲಸ. ಆ ಹುಡುಕಾಟಕ್ಕೂ ‘ಎಲ್ಲಿ ಸುಳಿ, ಎಲ್ಲಿ ಬಂಡೆ’ ಎಂದು ತೋರಿಸಲು ಮತ್ತೆ ಅದೇ ಅಂಬಿಗನೇ ಬೇಕು.

ಹಂಪಿಯ ಹೊಳೆ ಮೇಲೆ ನೋಡಲು ಸಾಧು. ಕೆಳಗೆ ಬಂಡೆಗಳ ಸಂದಿ, ಗವಿ, ನೀರು ಕೊರೆದ ಗುಂಡಿ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಮಡು. ಪಾಚಿ ಕಟ್ಟಿದ ಬಂಡೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಮುಳುಗಿದವನನ್ನು ಸೆಳವು ಸಂದಿಗೆ ಒತ್ತಿಬಿಟ್ಟರೆ ಅವನು ತಾನಾಗಿ ಮೇಲೆ ಬರುವುದೂ ಕಷ್ಟ. ಆಗ ಒಬ್ಬ ಉಸಿರು ಕಟ್ಟಿ ಇಳಿಯಬೇಕು. ಕತ್ತಲೆಯಲ್ಲಿ ಕೈಯಾಡಿಸಬೇಕು. ಕೈಗೆ ಸಿಕ್ಕಿದ್ದು ಬೇರೋ, ಬಟ್ಟೆಯೋ, ಕೂದಲೋ ಎಂದು ಬೆರಳಿನಿಂದಲೇ ತಿಳಿಯಬೇಕು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳ ಗರಡಿಯನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಅದನ್ನೇ ಹಗ್ಗಕ್ಕೆ ಕಟ್ಟಿ ಹರಿಗೋಲಿನಿಂದ ತಳ ಜಾಲಾಡುವುದುಂಟು. ಸಿಗದಿದ್ದರೆ ಕಾಯಬೇಕು. ಬೇಸಿಗೆಯ ಬಿಸಿಗೆ ಹೆಣ ಒಂದೆರಡು ದಿನದಲ್ಲಿ ಉಬ್ಬಿ ತೇಲುತ್ತದೆ. ನೀರು ತಣ್ಣಗಿದ್ದರೆ ಇನ್ನೂ ತಡ. ಅಷ್ಟು ದಿನವೂ ಹೆತ್ತವರು ದಂಡೆಯ ಮೇಲೆ. ಅವರ ಕಣ್ಣೆದುರು ಹರಿಗೋಲು ನಿಲ್ಲಿಸಿ ಮನೆಗೆ ಹೋಗಿ ಉಣ್ಣಲು ಯಾರಿಗೆ ಮನಸ್ಸು ಬಂದೀತು?

ನೆರೆ ಬಂದಾಗ

ಪುರಂದರ ಮಂಟಪ ಮುಳುಗಿತು ಎಂದರೆ ಹಂಪಿ ಕಡೆಯವರಿಗೆ ಬೇರೆ ಅಳತೆ ಬೇಡ. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ವಿರೂಪಾಪುರಗಡ್ಡಿಯನ್ನು ಸುತ್ತುವರಿಯಿತು. ದೇಶ ವಿದೇಶದ ನೂರಾರು ಪ್ರವಾಸಿಗರು ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರು. ದೋಣಿ ಬಂತು, ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೋದ ದೋಣಿಯೇ ಮಗುಚಿ, ತರಬೇತಿ ಪಡೆದ ಸಿಬ್ಬಂದಿಯೇ ನೀರಿಗೆ ಬಿದ್ದರು. ಪುಣ್ಯಕ್ಕೆ ಅವರನ್ನೂ ಉಳಿಸಿಕೊಳ್ಳಲಾಯಿತು. ಕಲಿತವರಿಗೇ ಹೀಗಾದರೆ ಲುಂಗಿ ಕಟ್ಟಿ ಇಳಿಯುವವನ ಗತಿ ಏನೆಂದು ಆ ದಿನ ನೋಡಿದವರಿಗೆ ಗೊತ್ತು. ಗಡ್ಡಿಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಕೆಡವಲಾಯಿತು. ಆದರೆ ಹೊಳೆ ಅಲ್ಲೇ ಇದೆ, ಸೆಳವೂ ಅಲ್ಲೇ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು 33 ಗೇಟುಗಳನ್ನೂ ತೆಗೆಯಬೇಕಾಯಿತು. ಒಂದು ವಾರದಲ್ಲಿ ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಅವರಿಗೆ ಸಿಕ್ಕ ಚಪ್ಪಾಳೆ ನ್ಯಾಯವಾದದ್ದೇ. ಆ ವಾರ ಹೊಳೆಯ ಕೆಳಗಿನ ಊರುಗಳಲ್ಲಿ ನಿದ್ದೆಗೆಟ್ಟವರೂ ಇದ್ದರು. ಅವರಿಗೆ ಚಪ್ಪಾಳೆ ಬೇಕಾಗಿಲ್ಲ, ಒಂದು ಗಟ್ಟಿ ಹಗ್ಗ ಸಿಕ್ಕರೂ ಸಾಕು.

ಕಂಪ್ಲಿಯವರ ಕಥೆ ಬೇರೆಯಲ್ಲ. ಹೊಳೆ ಏರಿದಾಗಲೆಲ್ಲ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ. 2019, 2022, 2024 ಎಂದು ಬಸ್ಸಿನವರೇ ವರ್ಷ ಎಣಿಸಿ ಹೇಳುತ್ತಾರೆ. ಬುಕ್ಕಸಾಗರದ ಮೇಲೆ ಸುತ್ತಿ ಹೋಗಬೇಕು. ಕೋಟೆ ಪ್ರದೇಶದ ಮನೆಗಳಿಗೆ ನೀರು ಬಂದರೆ ಮುದುಕರು, ಮಕ್ಕಳು, ಆಡು ಕುರಿ ಎಲ್ಲವನ್ನೂ ದಾಟಿಸಲು ಹರಿಗೋಲೇ ಬೇಕು. ಹೊಳೆ ತುಂಬಿದಾಗ ‘ಹರಿಗೋಲು ಹಾಕಬೇಡಿ’ ಎಂದು ಸರ್ಕಾರದ ಆದೇಶ ಬರುತ್ತದೆ. ಸರಿಯಾದ ಆದೇಶವೇ. ಆದರೆ ಯಾರೋ ಕೊಚ್ಚಿಹೋದ ಗಳಿಗೆಯಲ್ಲಿ ‘ಹರಿಗೋಲು ಎಲ್ಲಿ, ಅಂಬಿಗರು ಎಲ್ಲಿ’ ಎಂಬ ಕೂಗೂ ಅದೇ ದಂಡೆಯಲ್ಲಿ ಏಳುತ್ತದೆ!

ಸಂಡೂರಿನ ಕೆಂಪು ನೀರು

ಸಂಡೂರಿನಲ್ಲಿ ತುಂಗಭದ್ರೆ ಇಲ್ಲ, ಆದರೆ ಗಂಡಾಂತರ ಇದೆ. ನಾರಿಹಳ್ಳದ ಜಲಾಶಯ ಇದೆ, ಕೆರೆಗಳಿವೆ, ಅದಿರು ತೆಗೆದು ಬಿಟ್ಟ ಗುಂಡಿಗಳಿವೆ. ಮಳೆ ನೀರು ನಿಂತರೆ ಗುಂಡಿ ಕೆರೆಯಂತೆ ಕಾಣುತ್ತದೆ. ಆದರೆ ಕೆರೆಗೆ ಮೆಟ್ಟಿಲಿದೆ, ಏರಿ ಇದೆ. ಗುಂಡಿಗೆ ನೆಟ್ಟಗೆ ಕಡಿದ ಗೋಡೆ. ಇಳಿದವನಿಗೆ ಹತ್ತಲು ಹಿಡಿ ಸಿಗದು. ಕೆಮ್ಮಣ್ಣು ಕದಡಿದ ನೀರಿನಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅಲ್ಲಿ ಮುಳುಗುವವನಿಗೆ ಹೊಳೆಯ ಅಭ್ಯಾಸವೂ ಇಲ್ಲ. ಹಳ್ಳಿಯಲ್ಲಿ ‘ಇವನಿಗೆ ಚೆನ್ನಾಗಿ ಈಜು ಬರ್ತೈತಿ’ ಎಂಬ ಒಂದೇ ಕಾರಣಕ್ಕೆ ಎಲ್ಲರ ಕಣ್ಣೂ ಅವನ ಮೇಲೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಕಾಲುವೆಯದು ಇನ್ನೊಂದು ಕಾಟ. ಸಿಮೆಂಟಿನ ಓರೆ ಗೋಡೆ, ಅದರ ಮೇಲೆ ಪಾಚಿ. ಬಟ್ಟೆ ಒಗೆಯಲು ಹೋದವರು, ಕೊಡ ತುಂಬಲು ಹೋದವರು ಜಾರಿದರೆ ಹಿಡಿಯಲು ಏನೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಬಳಿ ಕೂಲಿಗೆ ಹೊರಟ ಹೆಣ್ಣುಮಕ್ಕಳಿದ್ದ ಆಟೋ ತುಂಗಭದ್ರಾ ಮೇಲ್ಮಟ್ಟದ ಕಾಲುವೆಗೆ ಉರುಳಿ ಜೀವಗಳು ಹೋದವು. ಇಂಥ ಹೊತ್ತಿನಲ್ಲಿ ಮೊದಲು ಹಾರುವವರು ಪಕ್ಕದ ಹೊಲದಲ್ಲಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರು. ಯೋಚಿಸುವುದಕ್ಕೆ ಪುರಸೊತ್ತು ಸಿಗುವುದು ಆಮೇಲೆ.

ಖರ್ಚಿನ ಕಡೆ

ಈಗ ಖಾತೆಗೆ ಬರೋಣ. ಮೊದಲು ಖರ್ಚು.

ಒಂದು: ದಿನದ ದುಡಿಮೆ ಹೋಯಿತು. ಹುಡುಕಾಟ ಮೂರು ದಿನವಾದರೆ ಮೂರು ದಿನ ಬಲೆ ಒಣಗಿತು. ಪ್ರವಾಸಿಗರ ಸೀಜನ್ನಿನಲ್ಲಾದರೆ ನಷ್ಟ ಇನ್ನೂ ದೊಡ್ಡದು.

ಎರಡು: ಸಾಮಾನು. ಬಂಡೆಗೆ ಉಜ್ಜಿದ ಹರಿಗೋಲು ಸೀಳಿದರೆ ಹೊಸ ಹಾಳೆ, ಹೊಸ ಡಾಂಬರು. ಹರಿದ ಬಲೆಗೆ ಪರಿಹಾರದ ಅರ್ಜಿ ಯಾವ ಕಚೇರಿಯಲ್ಲಿ?

ಮೂರು: ಮೈ. ಕಿವಿ ನೋವು, ಕೆಮ್ಮು, ಬಂಡೆಗೆ ತರಚಿದ ಗಾಯ. ಕೊಳೆತ ದೇಹ ಮುಟ್ಟಿದ ಕೈಗೆ ಗ್ಲೌಸಿಲ್ಲ.

ನಾಲ್ಕು: ಠಾಣೆ. ಹೆಣ ಸಿಕ್ಕ ಕೂಡಲೇ ಕೆಲಸ ಮುಗಿಯುವುದಿಲ್ಲ. ಪಂಚನಾಮೆಗೆ ನಿಲ್ಲು, ಹೇಳಿಕೆ ಕೊಡು, ಸಹಿ ಹಾಕು. ಕಾನೂನಿಗೆ ಅದು ಬೇಕು, ನಿಜ. ಆದರೆ ಬಸ್ ಛಾರ್ಜು ಅವನದೇ. ಇದರ ಮೇಲೆ ಗಡಿ ತಕರಾರು ಬೇರೆ. ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆ. ಆಚೆ ದಂಡೆಯ ಆನೆಗೊಂದಿ ಕೊಪ್ಪಳ. ಕೆಳಗಿನ ಕಂಪ್ಲಿ ಬಳ್ಳಾರಿ. ಇಲ್ಲಿ ಮುಳುಗಿದವನು ಅಲ್ಲಿ ತೇಲಿದರೆ ಕಾಗದ ಮೂರು ಜಿಲ್ಲೆ ಸುತ್ತಬಹುದು. ಹೊಳೆಗೆ ಜಿಲ್ಲೆ ಗೊತ್ತಿಲ್ಲ, ಅಂಬಿಗನಿಗೂ ಗೊತ್ತಿಲ್ಲ.

ಐದನೆಯದು ಯಾರೂ ಬರೆಯದ ಖರ್ಚು. ಹೆಣ ಮುಟ್ಟಿ ಬಂದವನು ಹೊರಗೇ ಮಿಂದು ಒಳಗೆ ಬರಬೇಕು. ಮೈ ಮಡಿಯಾಗುತ್ತದೆ, ಮನಸ್ಸು ಆಗುವುದಿಲ್ಲ. ತನ್ನ ಮಗನ ವಯಸ್ಸಿನ ಹುಡುಗನನ್ನು ಎತ್ತಿ ತಂದ ರಾತ್ರಿ ಪಕ್ಕದಲ್ಲಿ ಮಲಗಿದ ಮಗನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡದ ತಂದೆ ಯಾರು? ‘ಇನ್ನು ಹೋಗಬ್ಯಾಡ್ರಿ, ನಮಗೂ ಮಕ್ಕಳು ಅದಾವ’ ಎಂದು ಹೆಂಡತಿ ಅಂದರೆ ಅವಳದು ತಪ್ಪೇ? ಹೊಳೆಗೆ ಇಳಿಯುವವನು ಒಬ್ಬ, ದಂಡೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವರು ಮನೆಮಂದಿಯೆಲ್ಲ.

ಇನ್ನು ದುಡ್ಡಿನ ಮಾತು. ಸತ್ತವರ ಕಡೆಯವರು ಕೈಯಲ್ಲಿ ಒಂದಿಷ್ಟು ತುರುಕುತ್ತಾರೆ. ತೆಗೆದುಕೊಂಡರೆ ‘ಹೆಣದ ಮೇಲೆ ಕಾಸು ಮಾಡಿದ’ ಎಂಬ ಮಾತು. ಬಿಟ್ಟರೆ ಮನೆಯಲ್ಲಿ ಒಲೆ ಉರಿಯದು. ದಿನಗೂಲಿಯನ್ನು ಸರ್ಕಾರವೇ ಕೊಟ್ಟಿದ್ದರೆ ಈ ಇಕ್ಕಟ್ಟು ಇಬ್ಬರಿಗೂ ಇರುತ್ತಿರಲಿಲ್ಲ.

ಜಮಾ ಕಡೆ

ಹಾಗಾದರೆ ಯಾಕೆ ಹೋಗುತ್ತಾರೆ? ಜಮಾ ಕಡೆ ಏನೂ ಇಲ್ಲವೆ?

ಇದೆ. ಮುಳುಗುತ್ತಿದ್ದ ಹುಡುಗ ದಂಡೆಯ ಮೇಲೆ ನೀರು ಕಕ್ಕಿ ಅಳತೊಡಗಿದಾಗ ಆ ಅಳುವಿಗಿಂತ ದೊಡ್ಡ ಸಂಭಾವನೆ ಇಲ್ಲ. ಜೀವ ಉಳಿಯದಿದ್ದರೂ ಮುಖ ನೋಡಲು ಸಿಕ್ಕಿತು, ಮಣ್ಣು ಮಾಡಲು ಸಿಕ್ಕಿತು ಎನ್ನುವುದು ಹೆತ್ತವರಿಗೆ ಸಣ್ಣದಲ್ಲ. ಹೆಣ ಸಿಗದ ಮನೆಯಲ್ಲಿ ವರ್ಷಗಟ್ಟಲೆ ಬಾಗಿಲು ಸಪ್ಪಳವಾದರೆ ತಾಯಿ ಎದ್ದು ಕೂರುತ್ತಾಳೆ. ಆ ಕಾಯುವಿಕೆಗೆ ಕೊನೆ ಹಾಕಿದವನು ಅಂಬಿಗ.

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಜ್ಯವೆಲ್ಲ ಇದನ್ನು ಕಂಡಿತು. ಲಾರಿ ಸಮೇತ ಚಾಲಕ ಗಂಗಾವಳಿ ಹೊಳೆಯೊಳಗೆ ಕಣ್ಮರೆ. ಸೇನೆ, ನೌಕಾಪಡೆ ಎಲ್ಲ ಬಂದರೂ ಉಡುಪಿ ಕಡೆಯ ಮುಳುಗುಗಾರ ಈಶ್ವರ ಮಲ್ಪೆ ತಾನಾಗಿ ಬಂದು ಕೆಸರು ನೀರಿನ ಸೆಳವಿಗೆ ಇಳಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ. ಅಷ್ಟು ದಿನ ಕೇರಳದ ಆ ಮನೆಯವರು ಕೇಳಿದ್ದು ಒಂದೇ: ಸಿಕ್ಕನೇ?

ಸರ್ಕಾರದ ಖಾತೆಯಲ್ಲಿ

ಕಾಗದದ ಮೇಲೆ ಏನೂ ಇಲ್ಲ ಎಂದರೆ ಸುಳ್ಳಾದೀತು. ಪ್ರಾಣ ಉಳಿಸಿದವರಿಗೆ ಕೇಂದ್ರ ಸರ್ಕಾರದ ‘ಜೀವನ್ ರಕ್ಷಾ ಪದಕ’ 1961ರಿಂದ ಇದೆ. ಮೂರು ದರ್ಜೆ. ಪದಕದ ಜೊತೆ ಒಂದರಿಂದ ಎರಡು ಲಕ್ಷದವರೆಗೆ ಹಣ. ಆದರೆ ಹೆಸರು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಹೋಗಬೇಕು. ಕಳಿಸುವವರು ಯಾರು? ಪೇಪರಿನಲ್ಲೇ ಹೆಸರಿಲ್ಲದವನ ಹೆಸರು ದೆಹಲಿ ಮುಟ್ಟುವುದು ಹೇಗೆ? ಮೇಲಾಗಿ ಪದಕ ಇರುವುದು ಜೀವ ಉಳಿಸಿದವರಿಗೆ. ಹೆಣ ತಂದವನಿಗೆ ಅದರಲ್ಲಿ ಜಾಗವಿಲ್ಲ.

ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಇನ್ನೊಂದು ಮಾತಿದೆ. ನೆರೆಯಂಥ ಘೋಷಿತ ವಿಪತ್ತಿನಲ್ಲಿ ಸತ್ತವರ ಮನೆಗೆ ಕೊಡುವ 4 ಲಕ್ಷ ರೂಪಾಯಿ ಪರಿಹಾರ ರಕ್ಷಣೆಗೆ ಹೋಗಿ ಸತ್ತವರಿಗೂ ಸಲ್ಲುತ್ತದೆ. ಒಳ್ಳೆಯದೇ. ಆದರೆ ಭಾನುವಾರ ಸ್ನಾನಕ್ಕಿಳಿದವನನ್ನು ಎತ್ತಲು ಹೋಗಿ ಸತ್ತರೆ? ಅದು ನೆರೆಯಲ್ಲ, ವಿಪತ್ತೂ ಅಲ್ಲ. ಹೊಳೆ ಒಂದೇ, ಸಾವು ಒಂದೇ, ನಿಯಮ ಬೇರೆ!

‘ಆಪದ ಮಿತ್ರ’ ಎಂಬ ಯೋಜನೆಯಲ್ಲಿ ಸ್ವಯಂಸೇವಕರಿಗೆ ಹನ್ನೆರಡು ದಿನದ ತರಬೇತಿ, ಸಲಕರಣೆಯ ಚೀಲ, ವಿಮೆ ಎಲ್ಲ ಉಂಟು. ಇಂಥ ಪಟ್ಟಿಯಲ್ಲಿ ಮೊದಲು ಬರಬೇಕಾದವರು ದಂಡೆಯ ಅಂಬಿಗರಲ್ಲವೆ? ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೀಡಿಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು, 2019ರಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು. ರಸ್ತೆಗೆ ತೋರಿಸಿದ ಆ ಮರ್ಯಾದೆ ಹೊಳೆದಂಡೆಗೂ ಇಳಿದು ಬರಲಿ.

ಸಮುದ್ರದಾಚೆಯ ಒಂದು ಹಳ್ಳಿ

ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ಸಿಕ್ಕವರನ್ನು ಉಳಿಸಲು ಒಂದು ಸಂಸ್ಥೆ 1824ರಿಂದ ನಡೆದಿದೆ. ಸರ್ಕಾರದ್ದಲ್ಲ, ಜನರ ದೇಣಿಗೆಯದು. ದೋಣಿ ಹತ್ತುವವರು ಬಹುಪಾಲು ಮೀನುಗಾರರು, ಅಂಗಡಿಯವರು, ಇತರ ಕಸುಬಿನವರು. 1981ರ ಡಿಸೆಂಬರ್ 19ರ ರಾತ್ರಿ ಬಿರುಗಾಳಿಯಲ್ಲಿ ಕೆಟ್ಟುನಿಂತ ಹಡಗಿನವರನ್ನು ಕರೆತರಲು ಮೌಸ್‌ಹೋಲ್ ಎಂಬ ಸಣ್ಣ ಹಳ್ಳಿಯ ಎಂಟು ಜನ ಹೊರಟರು. ಎಂಟರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ. ಹಡಗಿನವರೂ ಉಳಿಯಲಿಲ್ಲ, ಒಟ್ಟು ಹದಿನಾರು ಜೀವ. ಆದರೆ ಒಂದೇ ದಿನದಲ್ಲಿ ಹೊಸ ತಂಡ ಕಟ್ಟುವಷ್ಟು ಜನ ಅದೇ ಹಳ್ಳಿಯಿಂದ ಮುಂದೆ ಬಂದರು. ಸತ್ತವರ ಮನೆಗಳಿಗೆ ದೇಶದ ಜನ ಮೂವತ್ತು ಲಕ್ಷ ಪೌಂಡಿಗೂ ಮೇಲೆ ಕಳಿಸಿದರು.

ಧೈರ್ಯದಲ್ಲಿ ನಮ್ಮ ಕಂಪ್ಲಿ, ಆನೆಗೊಂದಿಯವರು ಅವರಿಗೆ ಕಡಿಮೆಯಲ್ಲ. ಕಡಿಮೆ ಇರುವುದು ದಂಡೆಯಲ್ಲಿ ನಿಂತ ನಮ್ಮ ಕಡೆಯಿಂದ.

ಆಗಬೇಕಾದ್ದು

ದೊಡ್ಡ ಯೋಜನೆ ಬೇಡ. ಪ್ರತಿ ಘಟ್ಟಕ್ಕೂ ಒಂದು ಪಟ್ಟಿ: ಯಾರು ಇಳಿಯಬಲ್ಲರು, ಅವರ ಫೋನ್ ನಂಬರ್ ಏನು. ಮೂರು ಜಿಲ್ಲೆಯ ಠಾಣೆಗಳಲ್ಲೂ ಅದೇ ಪಟ್ಟಿ. ಹುಡುಕಿದ ದಿನಕ್ಕೆ ದಿನಗೂಲಿ. ಒಡೆದ ಹರಿಗೋಲಿಗೆ ಪರಿಹಾರ. ಹೆಸರು ಹೆಸರಿಗೆ ವಿಮೆ. ನಾಲ್ಕು ಲೈಫ್ ಜಾಕೆಟ್ಟು, ಉದ್ದದ ಹಗ್ಗ, ಟಾರ್ಚು. ಇದಕ್ಕೆ ಎಷ್ಟು ಖರ್ಚಾದೀತು? ಒಂದು ಸನ್ಮಾನ ಸಮಾರಂಭದ ಶಾಮಿಯಾನದ ಬಾಡಿಗೆಗೆ ಹೋಲಿಸಿ ನೋಡಿ.

ಅಂಗಡಿಯವರೂ ಒಂದು ಕೆಲಸ ಮಾಡಬಹುದು. ಘಟ್ಟದ ಹತ್ತಿರ ಅಂಗಡಿ ಇದ್ದರೆ ಒಂದು ಹಗ್ಗ, ಗಾಳಿ ತುಂಬಿದ ಹಳೇ ಲಾರಿ ಟ್ಯೂಬು ಗೂಟಕ್ಕೆ ನೇತುಹಾಕಿ. ಈಜು ಬಾರದವನೂ ಅದನ್ನು ಎಸೆಯಬಲ್ಲ. ನೀರಿನಿಂದ ತಂದವನನ್ನು ತಲೆಕೆಳಗು ಮಾಡಿ ತಿರುಗಿಸಬೇಡಿ, ಹೊಟ್ಟೆ ಅದುಮಬೇಡಿ. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿ ಇಟ್ಟು ಉಸಿರು ಊದಬೇಕು, ಎದೆಯ ನಡುವೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು. ಮೊಬೈಲು ಹಿಡಿದು ಚಿತ್ರ ತೆಗೆಯುವವರು ದಯವಿಟ್ಟು ದಾರಿ ಬಿಡಿ.

2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 38 ಸಾವಿರ ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಸತ್ತವರ ಲೆಕ್ಕ ಇದೆ. ಅವರನ್ನು ಎತ್ತಿ ತಂದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಮುಂದಿನ ಸಲ ಪೇಪರಿನಲ್ಲಿ ‘ಸ್ಥಳೀಯ ಈಜುಗಾರರ ನೆರವಿನಿಂದ’ ಎಂಬ ಸಾಲು ಬಂದಾಗ ಪುಟ ತಿರುವುವ ಮುಂಚೆ ಒಂದು ಗಳಿಗೆ ನಿಲ್ಲಿ. ಆ ಹೊತ್ತಿಗೆ ಅವನು ಮನೆಯ ಹೊರಗೆ ಮೈಮೇಲೆ ನೀರು ಸುರಿದುಕೊಳ್ಳುತ್ತಿರುತ್ತಾನೆ. ಒಳಗೆ ಮಕ್ಕಳು ಊಟಕ್ಕೆ ಕಾದಿರುತ್ತಾರೆ. ಆ ದಿನದ ಕೂಲಿ ಬಂದಿಲ್ಲ ಎಂದು ಅವರಿಗೆ ಇನ್ನೂ ಗೊತ್ತಿಲ್ಲ.

ಸಂಬಂಧಪಟ್ಟವರು ಗಮನಿಸುವರೆ?